ವಿಜ್ಞಾನದ ಪುಸ್ತಕ ಕೊಡಿ, ಹರಿಯಲಿಕ್ಕೂ ಬಿಡಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾದರೆ ಸಾಕು, ದಾನಿಗಳು ಸರ್ಕಾರಿ ಶಾಲೆಗಳಿಗೆ ವಿಜ್ಞಾನದ ಪುಸ್ತಕ ಹಸ್ತಾಂತರಿಸುವ ಫೋಟೊಗಳು ಸ್ಥಳೀಯ ಪುಟದಲ್ಲಿ ಬರುತ್ತವೆ. ಒಂದೇ ಪುಸ್ತಕವನ್ನು ಏಳೆಂಟು ಜನ ಹಿಡಿದುಕೊಂಡಿರುತ್ತಾರೆ. ಮಕ್ಕಳು ಹಿಂದಿನಿಂದ ಇಣುಕುತ್ತಿರುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪುಸ್ತಕಗಳು ಆಮೇಲೆ ಏನಾಗುತ್ತವೆ ಅಂತ ನೋಡಲು ಸಿಗುವುದು ನನ್ನಂಥವರಿಗೆ. ಉಡುಪಿಯಲ್ಲಿ ನನ್ನದೊಂದು ಸಣ್ಣ ಬೈಂಡಿಂಗ್ ಅಂಗಡಿ. ವಕೀಲರ ಫೈಲು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಭಜನಾ ಮಂಡಳಿಯ ಲೆಕ್ಕದ ಪುಸ್ತಕ, ಇವುಗಳ ಜೊತೆಗೆ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳ ಲೈಬ್ರರಿ ಪುಸ್ತಕಗಳೂ ಬರುತ್ತವೆ.

ಯಾವುದು ಓದಿದ ಪುಸ್ತಕ, ಯಾವುದು ಓದದ್ದು ಅಂತ ಬೈಂಡರ್‌ಗೆ ಯಾರೂ ಹೇಳಬೇಕಾಗಿಲ್ಲ. ಮಕ್ಕಳು ಓದಿದ್ದರೆ ಹಾಳೆಯ ಕೆಳಗಿನ ಮೂಲೆ ಕಪ್ಪಾಗಿರುತ್ತದೆ. ನಡುವೆ ಎಲ್ಲೋ ಒಂದು ಕಡೆ ಬೆನ್ನು ಒಡೆದಿರುತ್ತದೆ. ಅಲ್ಲಿ ಬಿಡಿಸಿದರೆ ಹಾವಿನ ವಿಷದ ಹಲ್ಲೋ, ಜ್ವಾಲಾಮುಖಿಯೋ, ತಿಮಿಂಗಿಲವೋ ಇರುತ್ತದೆ. ಓದದ ಪುಸ್ತಕ ಹಾಗಲ್ಲ. ಒಳಗಿನ ಹಾಳೆಯಲ್ಲಿ ಒಂದು ಬೆರಳ ಗುರುತೂ ಇರುವುದಿಲ್ಲ, ಹೊರಗಿನಿಂದ ಗೆದ್ದಲು ಹಿಡಿದಿರುತ್ತದೆ. ನನ್ನ ಮೇಜಿಗೆ ಬರುವ ಶಾಲೆಯ ಪುಸ್ತಕಗಳಲ್ಲಿ ಈ ಎರಡನೇ ಜಾತಿಯೇ ಜಾಸ್ತಿ.

ಇದಕ್ಕೆ ಟೀಚರುಗಳನ್ನು ದೂರುವವರಿದ್ದಾರೆ. ನಾನು ದೂರುವುದಿಲ್ಲ. ಪುಸ್ತಕ ಶಾಲೆಗೆ ಬಂದ ಕೂಡಲೇ ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ. ಹೆಡ್‌ಮಾಸ್ಟ್ರಿಗೆ ವರ್ಗವಾದರೆ ಚಾರ್ಜ್ ಕೊಡುವಾಗ ಒಂದೊಂದಕ್ಕೂ ಲೆಕ್ಕ ಒಪ್ಪಿಸಬೇಕು. ಬಿಸಿಯೂಟದ ಅಕ್ಕಿ, ಮೊಟ್ಟೆ, ಶೂ, ಸಮವಸ್ತ್ರ, ಎಲ್ಲದರ ಲೆಕ್ಕದ ಮೇಲೆ ಇದೂ ಒಂದು. ಹಾಗಾಗಿ ಕಪಾಟಿಗೆ ಬೀಗ ಬೀಳುತ್ತದೆ. ಒಬ್ಬರು ಟೀಚರ್ ಹರಿದ ಪುಸ್ತಕಗಳ ಕಟ್ಟು ತಂದು, "ಚಂದ ಮಾಡಿ ಹೊಲಿದು ಕೊಡಿ ಅಣ್ಣ, ಇನ್ನು ಮಕ್ಕಳ ಕೈಗೆ ಕೊಡುವುದೇ ಇಲ್ಲ" ಅಂದರು. ಹಾಗಾದರೆ ನಾನು ಯಾರಿಗೋಸ್ಕರ ಹೊಲಿಯಬೇಕು ಮಾರಾಯ್ರೇ?

ನನ್ನ ಗಿರಾಕಿಗಳಲ್ಲಿ ಒಬ್ಬರು ಕಾಲೇಜು ಲೈಬ್ರೇರಿಯನ್ ಇದ್ದಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಲೈಬ್ರರಿಗೆ ಅಂತ ಒಂದು ನಿಯಮವಿದೆ ಎಂದು ಅವರೇ ತೋರಿಸಿದರು. ಒಂದು ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಗಳಲ್ಲಿ 5 ಕಳೆದುಹೋದರೆ ಅದು ಸಹಜ, ಮೋಸವೋ ಬೇಜವಾಬ್ದಾರಿಯೋ ಇಲ್ಲದಿದ್ದರೆ ಸಾಕು. ದೊಡ್ಡವರು ಓದುವ ಲೈಬ್ರರಿಗೇ ಇಷ್ಟು ರಿಯಾಯಿತಿ ಇದೆ. ಮೂರನೇ ಕ್ಲಾಸಿನ ಮಕ್ಕಳು ಪುಸ್ತಕವನ್ನು ನೆಲಕ್ಕೆ ಹಾಕಿ, ಅದರ ಮೇಲೆ ಮೊಣಕೈ ಊರಿ ಓದುವವರು. ಅವರಿಗೆ ಇದರ ಹತ್ತು ಪಟ್ಟಾದರೂ ಬೇಡವೇ? ದಾನವಾಗಿ ಬಂದ ಮಕ್ಕಳ ಪುಸ್ತಕ ಹರಿದರೆ, ಕಳೆದರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಸಾಲು ಬರೆದು ರಿಜಿಸ್ಟರಿನಿಂದ ತೆಗೆಯಬಹುದು ಅಂತ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಖರ್ಚಿಲ್ಲದ ಕೆಲಸ. ದಾನಿಗಳೂ ಪುಸ್ತಕದ ಜೊತೆ ಒಂದು ಚೀಟಿ ಬರೆದುಕೊಡಿ: ಮಕ್ಕಳು ಮನೆಗೆ ಒಯ್ಯಲಿ, ಹರಿದರೆ ನಾವು ಕೇಳುವುದಿಲ್ಲ ಅಂತ. ಆ ಚೀಟಿ ಟೀಚರ್‌ಗೆ ಎಷ್ಟು ಧೈರ್ಯ ಕೊಡುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಮನೆಗೆ ಒಯ್ಯಲಿ ಅಂತ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ವಿಜ್ಞಾನದ ಪುಸ್ತಕವನ್ನು ಕಥೆ ಪುಸ್ತಕದ ಹಾಗೆ ಓದಿ ಇಟ್ಟರೆ ಆಗಲಿಲ್ಲ. ಮಾಡಿ ನೋಡಬೇಕು. ಏಪ್ರಿಲ್ 25ರ ಆಸುಪಾಸಿನಲ್ಲಿ ಉಡುಪಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂಗಳದಲ್ಲಿ ಒಂದು ಬಾಟ್ಲಿ ನೆಟ್ಟಗೆ ನಿಲ್ಲಿಸಿದರೆ ನೆರಳು ಪಕ್ಕಕ್ಕೆ ಬೀಳುವುದೇ ಇಲ್ಲ. ಶೂನ್ಯ ನೆರಳಿನ ದಿನ ಅಂತ ಪತ್ರಿಕೆಯಲ್ಲೂ ಬರುತ್ತದಲ್ಲ, ಅದೇ. ಮಂಗಳೂರಿನಲ್ಲಿ ಒಂದು ದಿನ ಮೊದಲೇ ಆಗುತ್ತದೆ. ಆಗ ಸೂರ್ಯ ಉತ್ತರಕ್ಕೆ ಸರಿಯುತ್ತಿರುತ್ತಾನೆ, ಮಂಗಳೂರು ನಮಗಿಂತ ದಕ್ಷಿಣಕ್ಕಿದೆ. ಆಗಸ್ಟ್ ನಡುವೆ ಇನ್ನೊಮ್ಮೆ ಬರುತ್ತದೆ, ಆದರೆ ಆ ತಿಂಗಳಲ್ಲಿ ಇಲ್ಲಿ ಮೋಡದೆಡೆಯಲ್ಲಿ ಸೂರ್ಯ ಕಂಡರೆ ಪುಣ್ಯ. ಹಾಗಾಗಿ ನೋಡಲಿಕ್ಕೆ ಏಪ್ರಿಲ್ಲೇ ಆಗಬೇಕು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಪುಸ್ತಕ ಕಪಾಟಿನಲ್ಲಿ!

ಬೇಸಗೆ ರಜೆಗೆ ಮಗುವಿಗೆ ಎರಡೆರಡು ಪುಸ್ತಕ ಕೊಟ್ಟು ಕಳುಹಿಸುವ ಶಾಲೆಯೂ ಒಂದಿದೆ. ಅಲ್ಲಿಂದ ಬರುವ ಪುಸ್ತಕಗಳು ಭಾರೀ ಕೊಳೆ. ಒಂದರಲ್ಲಿ ಗೇರುಹಣ್ಣಿನ ಕಲೆ ಇತ್ತು, ಅದು ಏನು ಮಾಡಿದರೂ ಹೋಗುವುದಿಲ್ಲ. ಅಂಥ ಕಟ್ಟು ಬಂದರೆ ನನಗೆ ಬೇಜಾರಿಲ್ಲ.

ಇನ್ನು ಏನು ಕೊಡಬೇಕು ಅನ್ನುವ ವಿಷಯ. ದಯಮಾಡಿ ಹಳೆಯ ನೀಟ್, ಸಿಇಟಿ ಗೈಡುಗಳನ್ನು ಪ್ರಾಥಮಿಕ ಶಾಲೆಗೆ ಕೊಡಬೇಡಿ. ಮನೆ ಖಾಲಿ ಮಾಡುವುದು ಬೇರೆ, ದಾನ ಬೇರೆ. ದಪ್ಪ ಇಂಗ್ಲಿಷ್ ಎನ್‌ಸೈಕ್ಲೋಪೀಡಿಯಾ ಕೊಡುವಾಗಲೂ ಸ್ವಲ್ಪ ಯೋಚಿಸಿ. ಫೋಟೊದಲ್ಲಿ ಚಂದ ಕಾಣುತ್ತದೆ, ಆದರೆ ಅದು ಹೊಳೆಯುವ ಆರ್ಟ್ ಪೇಪರ್. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಹಂಚಿನ ಮಾಡಿನಿಂದ ನಾಲ್ಕು ಹನಿ ಬಿದ್ದರೆ ಆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಣಗಿದ ಮೇಲೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ. ಹೊಳಪಿಲ್ಲದ ಸಾದಾ ಮ್ಯಾಪ್‌ಲಿಥೋ ಕಾಗದದ ಪುಸ್ತಕ ಒದ್ದೆಯಾದರೂ ಗಾಳಿಗೆ ಹರಡಿದರೆ ಉಳಿದೀತು.

ಕನ್ನಡದ್ದೇ ಕೊಡಿ. ಇಲ್ಲಿನ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಹೀಗೆ ಹತ್ತು ಬಗೆ. ಮಲ್ಪೆ ಕಡೆಯ ಶಾಲೆಗಳಲ್ಲಿ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರ ಮಕ್ಕಳೂ ಇದ್ದಾರೆ. ಇವರೆಲ್ಲ ಒಟ್ಟಿಗೆ ಕೂತು ಓದಬಹುದಾದದ್ದು ಕನ್ನಡದ ಪುಸ್ತಕವನ್ನೇ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಇವುಗಳ ಪುಸ್ತಕಗಳು ನನ್ನ ಕೈಗೆ ಬರುತ್ತವೆ. ತೆಳ್ಳಗಿವೆ, ಬೆಲೆಯೂ ಕಡಿಮೆ. ಒಂದು ದಪ್ಪ ಇಂಗ್ಲಿಷ್ ಪುಸ್ತಕದ ದುಡ್ಡಿಗೆ ಇಂಥವು ಒಂದು ಕಟ್ಟು ಬರುತ್ತವೆ, ಇಡೀ ಕ್ಲಾಸಿಗೆ ಹಂಚಬಹುದು. ಒಂದೇ ತೊಂದರೆ, ತೆಳು ಪುಸ್ತಕಕ್ಕೆ ಸೆಂಟರ್ ಪಿನ್ ಹೊಡೆದಿರುತ್ತಾರೆ. ನಮ್ಮ ಉಪ್ಪುಗಾಳಿಗೆ ಪಿನ್ ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ. ಕೊಡುವ ಮೊದಲೇ ಪಿನ್ ತೆಗೆದು ನೂಲಿನಲ್ಲಿ ಹೊಲಿಸಿ, ರಟ್ಟು ಹಾಕಿಸಿ. ರಟ್ಟು, ಬಟ್ಟೆ, ನೂಲು ಎಲ್ಲ ಸೇರಿ ಒಂದು ಪುಸ್ತಕಕ್ಕೆ ಆಗುವ ಖರ್ಚು ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಜಾಸ್ತಿಯಲ್ಲ. ಮೈದಾ ಅಂಟು ಕಾಯಿಸುವಾಗ ನಾವು ಚೂರು ಮೈಲುತುತ್ತು (ಕಾಪರ್ ಸಲ್ಫೇಟ್) ಹಾಕುತ್ತೇವೆ, ಹುಳ ಹಿಡಿಯದ ಹಾಗೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವುದೂ ಇದನ್ನೇ.

ಹಳೆಯ ಪುಸ್ತಕ ಕೊಡಲೇಬಾರದು ಅಂತ ಅಲ್ಲ. ಹಕ್ಕಿ, ಎಲೆ, ಸನ್ನೆಕೋಲು, ನೀರು ಕುದಿಯುವುದು, ಇವೆಲ್ಲ ಐವತ್ತು ವರ್ಷದ ಹಿಂದಿನ ಪುಸ್ತಕದಲ್ಲಿದ್ದರೂ ನಡೆಯುತ್ತದೆ. ಆಕಾಶದ ವಿಷಯ ಹಾಗಲ್ಲ. 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು. ಹಳೆಯ ಪುಸ್ತಕ ಇನ್ನೂ ಒಂಬತ್ತು ಗ್ರಹ ಅನ್ನುತ್ತದೆ. ಶನಿಗೆ ಹದಿನೆಂಟು ಚಂದ್ರ ಅಂತ ಬರೆದ ಪುಸ್ತಕ ನಾನೇ ಹೊಲಿದಿದ್ದೇನೆ. 2025ರ ಲೆಕ್ಕದಲ್ಲಿ ಅವು 274. ಹಸ್ತಾಂತರದ ಭಾಷಣದಲ್ಲಿ ನಮ್ಮ ಅದಮಾರಿನ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾಯರ ಹೆಸರು, 1975ರ ಆರ್ಯಭಟ ಉಪಗ್ರಹ, 2023ರಲ್ಲಿ ಚಂದ್ರಯಾನ-3 ಇಳಿದದ್ದು, ಎಲ್ಲ ಬರುತ್ತದೆ. ಕೊಟ್ಟ ಪೆಟ್ಟಿಗೆ ತೆರೆದರೆ ಚಂದ್ರನಲ್ಲಿ ನೀರೇ ಇಲ್ಲ ಅನ್ನುವ ಹಳೆಯ ಪುಸ್ತಕ. ಮಗು ಯಾವುದನ್ನು ನಂಬಬೇಕು? ಕೊಡುವ ಮೊದಲು ಪುಸ್ತಕ ಅಚ್ಚಾದ ವರ್ಷ ಒಮ್ಮೆ ನೋಡಿ, ಅಷ್ಟೇ.

ಇನ್ನೊಂದು ಸಂಗತಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಹಲವರ ಮನೆಯ ಅಟ್ಟದಲ್ಲಿ ಕಟ್ಟುಕಟ್ಟು ಬಿದ್ದಿದೆ. 1978ರಲ್ಲಿ ಶುರುವಾದ ಪತ್ರಿಕೆ, ನಮ್ಮ ಕಡೆಯವರೇ ಆದ ಅಡ್ಯನಡ್ಕ ಕೃಷ್ಣ ಭಟ್ಟರು ಸಂಪಾದಿಸುತ್ತಿದ್ದದ್ದು. ರದ್ದಿಗೆ ಹಾಕಬೇಡಿ. ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಹೊಲಿದರೆ ಒಳ್ಳೆಯ ಸಂಪುಟವಾಗುತ್ತದೆ. ಅದರಲ್ಲಿ ಮಾಡಿ ನೋಡುವ ಪ್ರಯೋಗಗಳು ಬೇಕಾದಷ್ಟು ಇವೆ.

ಸರ್ಕಾರಿ ಶಾಲೆಯ ವಿಜ್ಞಾನದ ಪುಸ್ತಕ ಯಾರೇ ತಂದರೂ ನಾನು ಕೂಲಿ ತೆಗೆದುಕೊಳ್ಳುವುದಿಲ್ಲ, ಸಾಮಾನಿನ ದುಡ್ಡು ಕೊಟ್ಟರೆ ಸಾಕು. ಬೇರೆ ಊರುಗಳ ಬೈಂಡರುಗಳೂ ಕೇಳಿದರೆ ಇಲ್ಲ ಅನ್ನಲಾರರು. ಆದರೆ ಜೂನ್, ಜುಲೈನಲ್ಲಿ ಮಾತ್ರ ತರಬೇಡಿ, ಅಂಟು ಒಣಗುವುದಿಲ್ಲ. ದಸರಾ ರಜೆಯಲ್ಲಿ ತನ್ನಿ, ದೀಪಾವಳಿಯ ಒಳಗೆ ಮಾಡಿಕೊಡುತ್ತೇನೆ. ಟೀಚರುಗಳೇ, ತರುವಾಗ ಗೆದ್ದಲು ಹಿಡಿದದ್ದನ್ನು ಬೇರೆಯೇ ಚೀಲದಲ್ಲಿ ಹಾಕಿ ತನ್ನಿ, ವಕೀಲರ ಫೈಲುಗಳಿಗೆ ಹತ್ತಿದರೆ ನನ್ನ ಕಥೆ ಮುಗಿದ ಹಾಗೆ.

ಇಂತಿ,
ಒಬ್ಬ ಬುಕ್ ಬೈಂಡರ್
ಉಡುಪಿ