ದಂಡಿನ ಗೋರಿಗಲ್ಲುಗಳಿಗೆ ಆಸಿಡ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಬಳ್ಳಾರಿಯ ದಂಡು ಪ್ರದೇಶದ ಹಳೆಯ ಯುರೋಪಿಯನ್ ಗೋರಿಗಳನ್ನು ಸ್ವಚ್ಛಗೊಳಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಆಗಲಿ, ಖಂಡಿತ ಆಗಲಿ. ಆದರೆ ಜೆಸಿಬಿ, ಆಸಿಡ್ ಡಬ್ಬಿ, ಸುಣ್ಣದ ಬಕೆಟ್ ಹಿಡಿದು ಒಳಗೆ ಕಾಲಿಡುವ ಮೊದಲು, ಆ ಕಲ್ಲುಗಳ ಮೇಲಿನ ಅಕ್ಷರ ಇವತ್ತಿಗೂ ಯಾರಿಗೆ ಬೇಕಾಗಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು.

1800ರಲ್ಲಿ ನಿಜಾಮ ದತ್ತಮಂಡಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದರಾಸು ಪ್ರಾಂತ್ಯದ ದೊಡ್ಡ ದಂಡುಗಳಲ್ಲಿ ಒಂದಾಯಿತು. ಇಲ್ಲಿ ಬೀಡುಬಿಟ್ಟ ಗೋರಾ ಪಲ್ಟನ್ನುಗಳನ್ನೆಲ್ಲ ನಾವು ಇಂಗ್ಲಿಷರು ಎಂದೇ ತಿಳಿಯುತ್ತೇವೆ. ಅದು ತಪ್ಪು. 1830ರ ಸುಮಾರಿಗೆ ಬ್ರಿಟಿಷ್ ಸೈನ್ಯದಲ್ಲಿ 100ಕ್ಕೆ 40ಕ್ಕೂ ಹೆಚ್ಚು ಮಂದಿ ಐರ್ಲೆಂಡಿನ ಬಡ ಕುಟುಂಬಗಳ ಹುಡುಗರು. 21 ವರ್ಷ ದುಡಿದು, ಜೀವ ಉಳಿದರೆ, ಸಿಪಾಯಿಗಳ ಪಿಂಚಣಿ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಚೆಲ್ಸಿಯ ರಾಯಲ್ ಹಾಸ್ಪಿಟಲ್ ಮೂಲಕ ದಿನಕ್ಕೆ ಕೆಲವು ಪೆನ್ನಿಗಳ ಪಿಂಚಣಿ.

ಆ ಪಿಂಚಣಿಯಲ್ಲಿ ಸಂಸಾರ ನಡೆಯುತ್ತಿರಲಿಲ್ಲ. ಅದಕ್ಕೇ 1850ರಿಂದ ಅನೇಕರು ಹೆಂಡತಿ ಮಕ್ಕಳ ಸಮೇತ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಒಯ್ಯುವ ಹಡಗು ಹತ್ತಿದರು. ದಾರಿಯುದ್ದಕ್ಕೂ ಕೈದಿಗಳನ್ನು ಕಾಯುವುದು, ಇಳಿದ ಮೇಲೂ ಕರೆದಾಗ ಕಾವಲಿಗೆ ಬರುವುದು, ಇದು ಕರಾರು. ಇವರೇ ಪೆನ್ಷನರ್ ಗಾರ್ಡುಗಳು. ಮೊದಲ ಹಡಗು 'ಸಿಂಡಿಯನ್' 1850ರ ಜೂನ್ 1ರಂದು 75 ಕೈದಿಗಳೊಂದಿಗೆ ಅಲ್ಲಿನ ಫ್ರೀಮ್ಯಾಂಟಲ್ ಬಂದರು ತಲುಪಿತು. ಕೊನೆಯದು 'ಹೌಗೊಮೊಂಟ್', 1868ರ ಜನವರಿಯಲ್ಲಿ. ಪಡೆಯ ಮುಖ್ಯಸ್ಥ ಜಾನ್ ಬ್ರೂಸ್. (ನಮ್ಮ ಬ್ರೂಸ್‌ಪೇಟೆಗೂ ಇವನಿಗೂ ಸಂಬಂಧವಿಲ್ಲ. ಹೆಸರು ನೋಡಿ ಗಂಟು ಹಾಕಬಾರದು.) ಏಳು ವರ್ಷ ಒಂದೇ ಕಡೆ ನೆಲೆನಿಂತರೆ ಒಂದು ತುಂಡು ಭೂಮಿ, ಎರಡು ಕೋಣೆಯ ಮನೆ ಸ್ವಂತಕ್ಕೆ. ಮರಳು ನೆಲ, ಸಣ್ಣ ಹಿಡುವಳಿ. ಲೇಕ್ ಕೂಗಿಯಂಥ ಕಡೆ ಬೇಸಾಯ ಕೈಹತ್ತದೆ ಬಿಟ್ಟುಹೋದವರೇ ಹೆಚ್ಚು. 1876ರ ಏಪ್ರಿಲ್‌ನಲ್ಲಿ ಅಲ್ಲಿ ಸೆರೆಯಲ್ಲಿದ್ದ ಆರು ಮಂದಿ ಐರಿಷ್ ಬಂಡಾಯಗಾರರು 'ಕ್ಯಾಟಲ್ಪಾ' ಎಂಬ ಅಮೆರಿಕದ ತಿಮಿಂಗಿಲ ಬೇಟೆ ಹಡಗಿನಲ್ಲಿ ತಪ್ಪಿಸಿಕೊಂಡಾಗ ಬೆನ್ನಟ್ಟಿದ 'ಜಾರ್ಜೆಟ್' ಹಡಗಿನಲ್ಲಿದ್ದವರೂ ಈ ಗಾರ್ಡುಗಳೇ. ಬಡತನ ಒಂದೇ ನಾಡಿನವರನ್ನು ಎದುರುಬದುರು ನಿಲ್ಲಿಸಿತ್ತು.

ಈಗ ಈ ಗಾರ್ಡುಗಳ ಮರಿಮೊಮ್ಮಕ್ಕಳು ಪರ್ತ್‌ನಲ್ಲಿ, ಐರ್ಲೆಂಡಿನಲ್ಲಿ ವಂಶಾವಳಿ ಹುಡುಕುತ್ತಿದ್ದಾರೆ. ಸಿಪಾಯಿಯ ಡಿಸ್ಚಾರ್ಜ್ ಕಾಗದ ಲಂಡನ್ನಿನ ಕ್ಯೂದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ 'ಡಬ್ಲ್ಯೂಒ 97' (ಡಬ್ಲ್ಯೂಒ ಎಂದರೆ ವಾರ್ ಆಫೀಸ್, ಯುದ್ಧ ಇಲಾಖೆ) ಸರಣಿಯಲ್ಲಿ ಸಿಗುತ್ತದೆ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಹತ್ತಿರದ ಊರು, ಕೌಂಟಿ (ಜಿಲ್ಲೆ), ಮೊದಲ ಕಸುಬು, ಎತ್ತರ, ಕಣ್ಣಿನ ಬಣ್ಣ ಎಲ್ಲ ಅದರಲ್ಲಿರುತ್ತವೆ. ಸಹಿಯ ಜಾಗದಲ್ಲಿ ಎಷ್ಟೋ ಸಲ ಬರೀ ಒಂದು ಗುಣಿಸು ಗುರುತು. ಲೆಕ್ಕ ಹಾಕುವಾಗ ಒಂದು ಎಚ್ಚರ: 18 ತುಂಬುವ ಮೊದಲಿನ ಸೇವೆ ಪಿಂಚಣಿಗೆ ಸೇರುತ್ತಿರಲಿಲ್ಲ. ಸೇರಿದ ವರ್ಷಕ್ಕೂ ಸೇವೆಯ ವರ್ಷಕ್ಕೂ ತಾಳೆಯಾಗದಿದ್ದರೆ ಬೇರೆ ಮನುಷ್ಯ ಎಂದು ಕೈಬಿಡಬೇಡಿ. ಯಾವ ತಿಂಗಳು ಯಾವ ದಂಡಿನಲ್ಲಿದ್ದ ಎಂಬುದಕ್ಕೆ 'ಡಬ್ಲ್ಯೂಒ 12'ರ ಹಾಜರಿ ಪುಸ್ತಕ ನೋಡಬೇಕು. ಅದು ಮೂರು ತಿಂಗಳಿಗೊಮ್ಮೆ ಬರೆದದ್ದು.

ಹೆಂಡತಿ ಮಕ್ಕಳ ವಿಷಯ ಬಂದಾಗ ದಾರಿ ಕಡಿದುಹೋಗುತ್ತದೆ. ಭಾರತಕ್ಕೆ ಬರುವ ಪಲ್ಟನ್ನಿನಲ್ಲಿ 100 ಸಿಪಾಯಿಗಳಿಗೆ 12 ಹೆಂಡಂದಿರಿಗೆ ಮಾತ್ರ ಅಧಿಕೃತವಾಗಿ ಜಾಗ. ಯಾರು ಬರಬೇಕು, ಯಾರು ಉಳಿಯಬೇಕು ಎಂಬುದು ಬಂದರಿನಲ್ಲಿ ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು. ಗಂಡ ಸತ್ತರೆ ಪಡಿತರ ಕೆಲವೇ ತಿಂಗಳು, ಹಾಗಾಗಿ ಬೇಗನೆ ಮರುಮದುವೆ. ಹೆಣ್ಣಿನ ಅಡ್ಡಹೆಸರು ಎರಡು ಮೂರು ಸಲ ಬದಲಾಗುವುದು ಇದಕ್ಕೇ. ಮದರಾಸು ಪ್ರಾಂತ್ಯದ ಚರ್ಚುಗಳಿಂದ ಹೋದ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಶವಸಂಸ್ಕಾರದ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ 'ಎನ್/2' ಗುರುತಿನಡಿ ಇವೆ. ಆದರೆ ಐರಿಷರಲ್ಲಿ ಬಹುಪಾಲು ಕ್ಯಾಥೊಲಿಕರು, ಅವರ ವಿವರ ಅಲ್ಲಿಗೆ ಪೂರ್ತಿ ಹೋಗಿಲ್ಲ. ಚರ್ಚಿನ ಮೂಲ ಪುಸ್ತಕದಲ್ಲೂ ಲ್ಯಾಟಿನ್ ಬರವಣಿಗೆ: ಜೇಮ್ಸ್ ಎಂಬುವನು 'ಜಾಕೋಬುಸ್', ವಿಲಿಯಂ 'ಗುಲಿಯೆಲ್ಮುಸ್', ಬ್ರಿಜೆಟ್ 'ಬ್ರಿಜಿಡಾ'. ಜೇಮ್ಸ್ ಎಂದೇ ಹುಡುಕಿದರೆ ಹತ್ತು ವರ್ಷವಾದರೂ ಸಿಗುವುದಿಲ್ಲ. ಇನ್ನು ಕಾಲರಾದಲ್ಲಿ ಇಲ್ಲೇ ಸತ್ತ ಸಿಪಾಯಿಗೆ ಪಿಂಚಣಿಯೇ ಇಲ್ಲ, ಆದ್ದರಿಂದ 'ಡಬ್ಲ್ಯೂಒ 97'ರಲ್ಲಿ ಅವನ ಕಾಗದವೂ ಇಲ್ಲ. ಅಂಥವನ ಬಗ್ಗೆ, ಎರಡು ವರ್ಷಕ್ಕೇ ತೀರಿಕೊಂಡ ಅವನ ಕೂಸಿನ ಬಗ್ಗೆ ಊರು, ತೇದಿ, ಪಲ್ಟನ್ನು ಮೂರನ್ನೂ ಒಟ್ಟಿಗೆ ಹೇಳುವುದು ಎಷ್ಟೋ ಸಲ ಗೋರಿಗಲ್ಲು ಒಂದೇ.

ಕಲ್ಲಿನ ಮೇಲಿನ ಒಂದೊಂದು ಅಕ್ಷರಕ್ಕೂ ಬೆಲೆಯಿದೆ. ಪಲ್ಟನ್ನಿನ ಸಂಖ್ಯೆಗೆ ಮುಂಚೆ 'ಎಚ್.ಎಂ.' ಎಂದಿದ್ದರೆ ಅವನು ರಾಜನ ಸೈನ್ಯದವನು, ಹುಡುಕಾಟ ಕ್ಯೂದಲ್ಲಿ. 'ಎಚ್.ಇ.ಐ.ಸಿ.' ಎಂದಿದ್ದರೆ ಕಂಪನಿಯವನು, ಕಾಗದ ಬ್ರಿಟಿಷ್ ಲೈಬ್ರರಿಯಲ್ಲಿ. '63' ಎಂಬುದು ಸವೆದು '68' ಎಂದು ಓದಿಕೊಂಡರೆ ಹುಡುಕುವವರು ಬೇರೆ ಪಲ್ಟನ್ನಿನ ಬೆನ್ನು ಹತ್ತುತ್ತಾರೆ. 1829ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸ್ವಾನ್ ನದಿಯ ವಸಾಹತಿಗೆ ಮೊದಲು ಇಳಿದ ಪಲ್ಟನ್ನು 63ನೆಯದೇ. ಅದು ಆಮೇಲೆ ಮದರಾಸು ಪ್ರಾಂತ್ಯಕ್ಕೆ ಬಂತು.

ಆದ್ದರಿಂದ ಸ್ವಚ್ಛತೆಗೆ ಹೋಗುವವರಲ್ಲಿ ಕೈಮುಗಿದು ಕೇಳುತ್ತೇವೆ. ಅಮೃತಶಿಲೆಗೂ ಕಡಪ ಕಲ್ಲಿಗೂ ಆಸಿಡ್ ತಾಗಿದರೆ ನೊರೆಯೆದ್ದು ಮೇಲ್ಪದರವೇ ಕರಗುತ್ತದೆ, ಕಲ್ಲು ಬೆಳ್ಳಗೆ ಕಂಡರೂ ಅಕ್ಷರ ಹೋಗಿರುತ್ತದೆ. ತಂತಿ ಬ್ರಷ್ ಬೇಡ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಗಾರೆ ಗೋರಿಯ ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಒಳಗಿನ ತೇವ ಹೊರಬರಲಾಗದೆ ಹಳೆಯ ಗಾರೆಯೇ ಸಿಡಿದು ಉದುರುತ್ತದೆ, ಸುಣ್ಣದ ಗಾರೆಯೇ ಬೇಕು. ಬಿರುಕಿನಲ್ಲಿ ಬೆಳೆದ ಅರಳಿ, ಬೇವಿನ ಗಿಡ ಕಿತ್ತರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ, ಬುಡಕ್ಕೆ ಕೊಯ್ಯಿರಿ. ಅಕ್ಷರಕ್ಕೆ ಸೀಮೆಸುಣ್ಣ, ಪೇಂಟ್ ತುಂಬಬೇಡಿ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಸವೆದ ಅಕ್ಷರದ ನೆರಳು ಎದ್ದು ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಿಗೆ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿ. ಸ್ಪಷ್ಟವಿಲ್ಲದ ಅಕ್ಷರವನ್ನು ಊಹಿಸಿ ತುಂಬದೆ ಚುಕ್ಕಿ ಇಡಿ. ಬಿದ್ದ ಕಲ್ಲನ್ನು ಅದರ ಗೋರಿಯ ಪಕ್ಕದಲ್ಲೇ ಇಡಿ. ಒಂದೆಡೆ ರಾಶಿ ಹಾಕಿದರೆ ಯಾರ ಕಲ್ಲು ಯಾವ ಗೋರಿಯದು ಎಂಬುದು ಶಾಶ್ವತವಾಗಿ ಹೋದಂತೆ.

ಪರ್ತ್‌ನಲ್ಲಿ ಈ ಗಾರ್ಡುಗಳ ಬ್ಯಾರಕ್ಕನ್ನು 1966ರಲ್ಲಿ ಕೆಡವಿದರು. ಜನ ಪಟ್ಟು ಹಿಡಿದದ್ದರಿಂದ ಅದರ ಇಟ್ಟಿಗೆಯ ಕಮಾನು ಮಾತ್ರ ಉಳಿದಿದೆ. ಬಳ್ಳಾರಿಯಲ್ಲಿ ಮೊದಲು ಪ್ರತಿ ಗೋರಿಗೂ ಒಂದು ಸಂಖ್ಯೆ, ಒಂದು ಫೋಟೊ, ಒಂದು ನಕ್ಷೆ ಆಗಲಿ. ಪಟ್ಟಿಯ ಒಂದು ಪ್ರತಿ ಜಿಲ್ಲಾ ಗ್ರಂಥಾಲಯದಲ್ಲಿರಲಿ. ಹುಲ್ಲು ಕೊಯ್ಯುವ ಕೆಲಸ ಅದಾದ ಮೇಲೆ ಶುರುವಾಗಲಿ.

ಇಂತಿ,
ಸ್ಥಳೀಯ ಇತಿಹಾಸದ ಆಸಕ್ತರು
ಕೌಲ್‌ಬಜಾರ್, ಬಳ್ಳಾರಿ