ಅಳಿಯನಿಗೆ, ಲೈನಿನ ವಿಚಾರವಾಗಿ

ತುರುವೇಕೆರೆ

ಚಿರಂಜೀವಿ ಅಳಿಯನಿಗೆ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನೆ ಅಕ್ಕ ಫೋನಿನಲ್ಲಿ ಅತ್ತಳು. ದೊಡ್ಡ ಕರೆಂಟ್ ಲೈನು ಎಳೆಯುವುದಕ್ಕೆ ನಿಮ್ಮ ತೋಟದಲ್ಲಿ ಗೂಟ ನೆಟ್ಟು ಹೋಗಿದ್ದಾರಂತೆ, ಜೆಸಿಬಿ ಬಂದರೆ ಅಡ್ಡ ಮಲಗುತ್ತೇನೆ ಅಂತಿದ್ದೀಯಂತೆ. ಮಲಗುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ ಕಣೋ.

'ನಮ್ಮದು ಹಸಿರು ವಲಯ, ಯಾರೂ ಮುಟ್ಟೋ ಹಾಗಿಲ್ಲ' ಅಂದೆಯಂತೆ. ನಕ್ಷೆಯ ಮೇಲಿನ ಆ ಹಸಿರು ಗೆರೆ ಸೈಟು ಮಾಡುವವರ ಲೇಔಟನ್ನು ತಡೆದೀತು, ಲೈನನ್ನಲ್ಲ. ಲೈನಿನವರು ಜಮೀನು ಕೊಳ್ಳುವುದೂ ಇಲ್ಲ, ಸ್ವಾಧೀನ ಮಾಡಿಕೊಳ್ಳುವುದೂ ಇಲ್ಲ. ಪಹಣಿ ನಿನ್ನ ಹೆಸರಿನಲ್ಲೇ ಇರುತ್ತದೆ, ತೆಂಗು ಮಾತ್ರ ಇರುವುದಿಲ್ಲ. ದೇವನಹಳ್ಳಿ ಕಡೆಯವರು 2025ರಲ್ಲಿ 1,777 ಎಕರೆ ಉಳಿಸಿಕೊಂಡರಲ್ಲ, ಅದು ಭೂಸ್ವಾಧೀನದ ಜಗಳ. ಇದು ಬೇರೆ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಎತ್ತಿ ಇವರ ಕೈಗೆ ಕೊಡುತ್ತದೆ. ಅಡ್ಡ ಬಂದರೆ ಡಿ.ಸಿ. ಆದೇಶ ತರುತ್ತಾರೆ, ಪೊಲೀಸರನ್ನು ನಿಲ್ಲಿಸಿಕೊಂಡು ಗುಂಡಿ ತೋಡುತ್ತಾರೆ. ಪರಿಹಾರ ಸಾಲದು ಅಂತ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು, ಆದರೆ ಕೈಯಲ್ಲಿ ಲೆಕ್ಕ ಇರಬೇಕು.

ನನ್ನ ಕೈಯಲ್ಲಿ ಇರಲಿಲ್ಲ. ನಮ್ಮ ತೋಟಕ್ಕೆ ಲೈನು ಬಂದಾಗ ಬೈಕಿನಲ್ಲಿ ಬಂದ ಹುಡುಗ ಬಲು ಮರ್ಯಾದಸ್ಥ. 'ಯಜಮಾನ್ರೇ, ಪಕ್ಕದೋರೆಲ್ಲ ಹಾಕಿದ್ದಾರೆ' ಅಂದ. ಜಗಲಿ ಮೇಲೆ ಕೂತು ಸಹಿ ಹಾಕಿದೆ. ಪಕ್ಕದವರಿಗೂ ನನ್ನ ಹೆಸರು ಹೇಳಿಯೇ ಹಾಕಿಸಿಕೊಂಡಿದ್ದ ಅಂತ ಗೊತ್ತಾಗಿದ್ದು ಮರ ಬಿದ್ದ ಮೇಲೆ. ನಾನು ಸಹಿ ಹಾಕಿದ ಪಂಚನಾಮೆಯಲ್ಲಿ, ಅಂದರೆ ನಷ್ಟದ ಪಟ್ಟಿಯಲ್ಲಿ, ಫಲ ಕೊಡುತ್ತಿದ್ದ ಮರಗಳು ಕೆಲವು ಸಸಿಯಾಗಿದ್ದವು. ಬೋರ್‌ವೆಲ್ ಪೈಪಿನ ಸುದ್ದಿಯೇ ಇರಲಿಲ್ಲ. ಓದದೆ ಸಹಿ ಹಾಕಿದ್ದು ನಾನು, ಇನ್ನೊಬ್ಬರನ್ನು ಬೈದು ಏನು ಬಂತು.

ನಿಮ್ಮದು 400 ಕೆ.ವಿ. ಲೈನಾದರೆ ಕಾರಿಡಾರ್, ಅಂದರೆ ತಂತಿಯ ಕೆಳಗೆ ಮರ ತೆಗೆಯುವ ಪಟ್ಟಿ, 46 ಮೀಟರ್ ಅಗಲ, ಅಂದರೆ ನೂರೈವತ್ತು ಅಡಿ. ನಿಮ್ಮ ತಾತ ಮೂವತ್ತು ಅಡಿಗೊಂದು ಸಾಲು ನೆಟ್ಟವರು. ಐದು ಸಾಲು ಹೋಯಿತು ಅಂತಿಟ್ಟುಕೋ. ಕೆಳಗೆ ರಾಗಿ ಬೆಳೆಯಬಹುದು ಅನ್ನುತ್ತಾರೆ, ಬೆಳೆಯಬಹುದು ನಿಜ. ಕೊಬ್ಬರಿ ಅಟ್ಟ ನೋಡಿಕೊಂಡು ಬದುಕಿದವನಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅಂತ ಹೇಳುವವರಿಗೆ ಗೊತ್ತಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಜಮೀನಿನ ಬೆಲೆಯ 200 ಪರ್ಸೆಂಟ್, ಕಾರಿಡಾರಿಗೆ 30 ಪರ್ಸೆಂಟ್ ಅಂತಿದೆ. ನಮ್ಮ ರಾಜ್ಯದ ಆದೇಶ ಏನಿದೆ ಅಂತ ಡಿ.ಸಿ. ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳು. ಯಾವ ಬೆಲೆ ಹಿಡಿಯುತ್ತಾರೆ ಅನ್ನುವುದನ್ನೂ ಕೇಳು, ಎಲ್ಲ ಇರುವುದೇ ಅಲ್ಲಿ.

ಇನ್ನೊಂದು. ಲೈನು ನಮ್ಮೂರಲ್ಲಿ ನೆಟ್ಟಗೆ ಬರಲಿಲ್ಲ. ದೊಡ್ಡವರೊಬ್ಬರ ತೋಟದ ಹತ್ತಿರ ಬಾಗಿ, ಗಂಡನಿಲ್ಲದ ಹೆಂಗಸಿನ ಎರಡು ಎಕರೆ ಮೇಲೆ ಹೋಯಿತು. ನಾವೆಲ್ಲ ಸುಮ್ಮನಿದ್ದೆವು. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಹುಟ್ಟುತ್ತದೆ, ಅದು ಯಾರದಾದರೂ ಹೊಲದ ಮೇಲೆ ಹಾದೇ ಹೋಗಬೇಕು, ನಮ್ಮ ಪಂಪ್‌ಸೆಟ್ಟಿಗೂ ಕರೆಂಟು ಬೇಕು. ಹಾಗಾಗಿ 'ನಮ್ಮ ತೋಟ ಬಿಟ್ಟು ಪಕ್ಕದ್ದಕ್ಕೆ ಹಾಕಿ' ಅನ್ನುವ ಅರ್ಜಿಗೆ ನನ್ನ ಬೆಂಬಲವಿಲ್ಲ. ಮರ ಕಡಿಮೆ ಹೋಗುವ ದಾರಿ ಯಾವುದು ಅಂತ ಊರಿನವರೆಲ್ಲ ಸೇರಿ ನಕ್ಷೆ ಮುಂದಿಟ್ಟು ಕೇಳಿ. ಅಲ್ಲಿಯವರೆಗೆ ಯಾರೂ ಒಬ್ಬೊಬ್ಬರೇ ಸಹಿ ಹಾಕಬೇಡಿ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದು ಬಕೆಟ್ ಸುಣ್ಣ ಕಲಸಿಡು, ಒಂದೊಂದೇ ಮರಕ್ಕೆ ನಂಬರು ಬರೆದು ಫೋಟೋ ತೆಗೆಯೋಣ. ಪಕ್ಕದ ತೋಟದವರಿಗೂ ಬರಲು ಹೇಳು.

ಇಂತಿ,
ನಿನ್ನ ಮಾವ