ಸಿಂಗಲ್ ಫೇಸ್‌ನಲ್ಲಿ ಓಡುವ ಬೋರ್‌ವೆಲ್ ಮೋಟಾರು: ಇಂಧನ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಇಂಧನ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಕೃಷಿ ಪಂಪ್‌ಸೆಟ್ಟಿನ ಫೀಡರುಗಳಲ್ಲಿ, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನುಗಳಲ್ಲಿ, ತ್ರೀ ಫೇಸ್ ಪಾಳಿ ಮುಗಿದ ಮೇಲೆ ತೋಟದ ಮನೆಗಳ ದೀಪಕ್ಕೆಂದು ಸಿಂಗಲ್ ಫೇಸ್ ವಿದ್ಯುತ್ ಕೊಡಲಾಗುತ್ತದೆ. ಆ ವಿದ್ಯುತ್ತಿಗೆ ಕಂಡೆನ್ಸರ್ (ಕೆಪಾಸಿಟರ್) ಕಟ್ಟಿ ಬೋರ್‌ವೆಲ್ ಮೋಟಾರು ಓಡಿಸುವ ರೈತರು ಇದ್ದಾರೆ. ಸ್ಟಾರ್ಟರ್ ಪೆಟ್ಟಿಗೆ ತೆರೆಸಿ ಆ ಕಂಡೆನ್ಸರುಗಳನ್ನು ಕಿತ್ತೊಯ್ಯುವ ಸಿಬ್ಬಂದಿಯೂ ಇದ್ದಾರೆ. ತುಮಕೂರು ಜಿಲ್ಲೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು, ಜೊತೆಗೆ ಸ್ವಲ್ಪ ಬೇಸಾಯವನ್ನೂ ಮಾಡುವ ನಾನು ಈ ಜಗಳದ ಎರಡೂ ಬದಿಯನ್ನು ಬಲ್ಲೆ. ಕಂಡೆನ್ಸರಿನಿಂದ ಹಾನಿಯಾಗುತ್ತದೆ ಎಂಬ ಅಧಿಕಾರಿಗಳ ಮಾತು ನಿಜ. ಆದರೆ ಹಗಲು ಹೊತ್ತಿನಲ್ಲಿ ಕಡಿತವಿಲ್ಲದ ತ್ರೀ ಫೇಸ್ ಸಿಗುವವರೆಗೆ ಎಷ್ಟು ಕಿತ್ತರೂ ಅದು ಮತ್ತೆ ಬಂದು ಕೂರುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ತ್ರೀ ಫೇಸ್ ಇಂಡಕ್ಷನ್ ಮೋಟಾರಿನಲ್ಲಿ 120 ಡಿಗ್ರಿ ಅಂತರದ ಮೂರು ಕರೆಂಟುಗಳು ಸೇರಿ ತಿರುಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ, ರೋಟರ್ ಅದರ ಹಿಂದೆಯೇ ತಿರುಗುತ್ತದೆ. ಸಿಂಗಲ್ ಫೇಸ್ ಮಾತ್ರ ಕೊಟ್ಟರೆ ಕ್ಷೇತ್ರ ಇದ್ದಲ್ಲಿಯೇ ಏರಿಳಿಯುತ್ತದೆ; ಮೋಟಾರು ಗುಂಯ್‌ಗುಟ್ಟುತ್ತದೆಯೇ ಹೊರತು ಹೊರಡುವುದಿಲ್ಲ. ಕಂಡೆನ್ಸರ್ ಮೂರನೆಯ ವೈಂಡಿಂಗಿನ ಕರೆಂಟನ್ನು ಮುಂದಕ್ಕೆ ಸರಿಸಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ತೊಂದರೆಯೆಂದರೆ, ಒಂದು ಅಳತೆಯ ಕಂಡೆನ್ಸರ್ ಒಂದು ಹೊರೆಗೆ ಮಾತ್ರ ಸರಿಹೊಂದುತ್ತದೆ. ಬೋರ್‌ವೆಲ್ಲಿನ ನೀರು ಇಳಿದಂತೆ, ವೋಲ್ಟೇಜ್ ಕುಸಿದಂತೆ ಮೂರು ವೈಂಡಿಂಗುಗಳ ನಡುವಿನ ಸಮತೋಲ ತಪ್ಪಿ ಒಂದೆರಡರ ಮೇಲೆಯೇ ಭಾರ ಬೀಳುತ್ತದೆ. ನನ್ನ ಅಂಗಡಿಗೆ ಬರುವ ಇಂಥ ಸಬ್‌ಮರ್ಸಿಬಲ್ ಮೋಟಾರು ಬಿಚ್ಚಿದರೆ ಒಂದೋ ಎರಡೋ ಫೇಸಿನ ಕಾಯಿಲುಗಳಲ್ಲಿ ತಂತಿಯ ಪ್ಲಾಸ್ಟಿಕ್ ಹೊದಿಕೆ ಕರಗಿ ಮುದ್ದೆಯಾಗಿ ಅಂಟಿಕೊಂಡಿರುತ್ತದೆ, ಪಕ್ಕದ ಫೇಸಿನ ಕಾಯಿಲು ಹೊಸದರಂತೆ ಇರುತ್ತದೆ. ಮೋಟಾರು ಎತ್ತಿಸುವ, ಕಟ್ಟಿಸುವ, ಮತ್ತೆ ಇಳಿಸುವ ಖರ್ಚೆಲ್ಲ ರೈತನದೇ. ನನ್ನ ವ್ಯಾಪಾರಕ್ಕೆ ಅದು ಒಳ್ಳೆಯದೇ ಆದರೂ ಹೇಳಬೇಕಾದ ಮಾತು ಹೇಳಲೇಬೇಕು.

ಟಿಸಿಯ, ಅಂದರೆ ಪಂಪುಗಳಿಗೆ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರಿನ, ಗತಿ ಇದಕ್ಕಿಂತ ಕಷ್ಟ. 5 ಎಚ್‌ಪಿ ಪಂಪು ಸುಮಾರು 5 ಕಿಲೋವ್ಯಾಟ್ ಎಳೆಯುತ್ತದೆಂದು ಹಿಡಿದರೆ ತ್ರೀ ಫೇಸಿನಲ್ಲಿ ಪ್ರತಿ ತಂತಿಯಲ್ಲಿ 8 ಆಂಪ್ಸ್‌ನಷ್ಟು ಹರಿಯುತ್ತದೆ. ಅದೇ ವೋಲ್ಟೇಜಿನಲ್ಲಿ ಅಷ್ಟೇ ಶಕ್ತಿಯನ್ನು ಎರಡು ತಂತಿಗಳಿಂದ ಪಡೆಯಬೇಕಾದರೆ ಅದು 1.73 ಪಟ್ಟಾಗಿ 14 ಆಂಪ್ಸ್ ಮುಟ್ಟುತ್ತದೆ. 25 ಕೆವಿಎ ಟಿಸಿಯ ಮಿತಿ ಫೇಸಿಗೆ ಸುಮಾರು 33 ಆಂಪ್ಸ್. ಮೂರು ಪಂಪುಗಳು ತ್ರೀ ಫೇಸಿನಲ್ಲಿ ಓಡಿದರೆ 25 ಆಂಪ್ಸ್, ಟಿಸಿ ನಿರಾಳ. ಸಿಂಗಲ್ ಫೇಸಿನಲ್ಲಿ ಅದೇ ಕೆಲಸಕ್ಕೆ 42 ಆಂಪ್ಸ್, ಮನೆಗಳ ಹೊರೆ ಬೇರೆ. ತಂತಿಗಳಲ್ಲಿ ಆಗುವ ನಷ್ಟವೂ ಒಟ್ಟಾರೆ ಇಮ್ಮಡಿಯಾಗುತ್ತದೆ. ಟಿಸಿ ಸುಟ್ಟರೆ ಕಂಡೆನ್ಸರ್ ಮುಟ್ಟದ ರೈತನ ಟೊಮೆಟೊ ಕೂಡ ಒಣಗುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಕೆಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂಬ ನಿಯಮವಿದೆಯಾದರೂ ಮಾರ್ಚ್ ತಿಂಗಳ ಬಿಸಿಲಿನಲ್ಲಿ ತರಕಾರಿ ಬೆಳೆಗೆ ಮೂರು ದಿನವೆಂಬುದೇ ಬಹಳ.

ಇಷ್ಟೆಲ್ಲ ತಿಳಿದೂ ರೈತ ಏಕೆ ಕಂಡೆನ್ಸರ್ ಹಾಕುತ್ತಾನೆ? ಕಾಗದದ ಮೇಲೆ 7 ಗಂಟೆಯ ತ್ರೀ ಫೇಸ್ ಇದೆ. ಅದು ಹಗಲು ಮೂರು, ರಾತ್ರಿ ನಾಲ್ಕು ಎಂದು ಒಡೆದು ಬಂದು, ನಡುವೆ ಹತ್ತಾರು ಸಲ ಟ್ರಿಪ್ಪಾದರೆ, ಡ್ರಿಪ್ಪಿನ ಪೈಪಿನಲ್ಲಿ ಒತ್ತಡ ಏರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ನಡುರಾತ್ರಿ ಟಾರ್ಚು ಹಿಡಿದು ಹಾವು, ಕರಡಿಗಳ ಭಯದಲ್ಲಿ ಗೇಟ್‌ವಾಲ್ವ್ ತಿರುಗಿಸಲು ಹೋಗುವುದಕ್ಕಿಂತ ಸಂಜೆಯ ಸಿಂಗಲ್ ಫೇಸಿನಲ್ಲಿ ಬಂದಷ್ಟು ನೀರು ಬರಲಿ ಎಂದುಕೊಳ್ಳುತ್ತಾನೆ. 10 ಎಚ್‌ಪಿವರೆಗೆ ವಿದ್ಯುತ್ ಉಚಿತವಾಗಿರುವುದರಿಂದ ಹೀಗಾಗುತ್ತಿದೆ ಎನ್ನುವವರು ಈ ವೇಳಾಪಟ್ಟಿಯನ್ನೂ ಒಮ್ಮೆ ನೋಡಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪಂಪ್‌ಸೆಟ್ ಫೀಡರುಗಳಿಗೆ 7 ಗಂಟೆಯನ್ನೂ ಹಗಲಿನಲ್ಲಿಯೇ, ಒಂದೇ ಪಾಳಿಯಲ್ಲಿ ಕೊಡುವಂತಾಗಬೇಕು. ಫೀಡರುಗಳಿಗೆ ಸೌರಶಕ್ತಿ ಒದಗಿಸುವ ಕುಸುಮ್ ಯೋಜನೆಯ ಕಾಮಗಾರಿಗಳಲ್ಲಿ ಟಿಸಿ ಪದೇ ಪದೇ ಸುಡುವ ಫೀಡರುಗಳಿಗೆ ಆದ್ಯತೆ ಸಿಗಬೇಕು. ಹಳ್ಳಿಯ ಮನೆಗಳಿಗೆ ಪಂಪಿನ ಲೈನಿನಿಂದ ಬೇರ್ಪಡಿಸಿ ವಿದ್ಯುತ್ ಕೊಡುವ ನಿರಂತರ ಜ್ಯೋತಿ ಯೋಜನೆಯಿಂದ ಹೊರಗುಳಿದ ತೋಟದ ಮನೆಗಳಿಗೆ ಪ್ರತ್ಯೇಕ ಲೈನು ಎಳೆದರೆ, ಪಂಪಿನ ಲೈನಿನಲ್ಲಿ ಸಿಂಗಲ್ ಫೇಸ್ ಹರಿಸುವ ಅಗತ್ಯವೇ ಇರುವುದಿಲ್ಲ. ಇದೆಲ್ಲ ರಾಜ್ಯದಾದ್ಯಂತ ಒಮ್ಮೆಗೇ ಆಗದೆಂಬುದು ನನಗೂ ಗೊತ್ತು. ಬರುವ ಬೇಸಿಗೆಯಲ್ಲಿ ಒಂದು ತಾಲ್ಲೂಕಿನಲ್ಲಾದರೂ ಹಗಲು ಪಾಳಿಯನ್ನು ತಪ್ಪದೆ ನಡೆಸಿ, ಆ ಅವಧಿಯಲ್ಲಿ ಸುಟ್ಟ ಟಿಸಿಗಳ ಲೆಕ್ಕವನ್ನು ಹಿಂದಿನ ಬೇಸಿಗೆಯ ಲೆಕ್ಕದೊಂದಿಗೆ ಸಾರ್ವಜನಿಕವಾಗಿ ಪ್ರಕಟಿಸಲು ಆದೇಶಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಮೋಟಾರು ರಿಪೇರಿಗಾರ ಮತ್ತು ರೈತ